ಮೊಮ್ಮಗಳ ಎಡಗೈ

ಮೊಮ್ಮಗಳ ಬೆನ್ನು ಡೊಂಕು ಮಾಡಿದವಳು ನಾನು. ಅದನ್ನು ನೆಟ್ಟಗೆ ಮಾಡಿದವಳೂ ನಾನೇ. ಮಗಳು ಊರಿಗೆ ಫೋನ್ ಮಾಡುವಾಗ ಎರಡನೆಯದನ್ನು ಮಾತ್ರ ಹೇಳುತ್ತಾಳೆ, ಮರ್ಯಾದೆಗೆ. ಅಳಿಯ ಮೊದಲನೆಯದನ್ನು ಮಾತ್ರ ಹೇಳುತ್ತಾನೆ, ನಗಾಡಲಿಕ್ಕೆ. ಎರಡೂ ನಿಜ. ಹಾಗಾಗಿ ಎರಡನ್ನೂ ನಾನೇ ಹೇಳಿಬಿಡುತ್ತೇನೆ.

ನಾವಿರುವುದು ಸಿಂಗಾಪುರದ ಕ್ಲೆಮೆಂಟಿಯಲ್ಲಿ, ಹನ್ನೊಂದನೇ ಮಾಳಿಗೆಯಲ್ಲಿ. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು, ಮಗುವನ್ನು ನೋಡಿಕೊಳ್ಳಲು ಬಾ ಅಂತ ಕರೆದರು, ಉಡುಪಿಯಿಂದ ಬಂದೆ. ಆಗ ಮಗುವಿಗೆ ಎರಡು ವರ್ಷ, ಈಗ ಹತ್ತು. ಅಳಿಯ ಬೆಂಗಳೂರಿನವನು, ತುಳು ಬಾರದು, ಅದಕ್ಕೆ ಮನೆಯಲ್ಲಿ ಎಲ್ಲರದೂ ಕನ್ನಡ. ಮೊಮ್ಮಗಳ ಕನ್ನಡಕ್ಕೆ ಮಾತ್ರ ಹಿಂದೆ ಇಲ್ಲಿಯವರ ಮಾತಿನ ಒಂದು ಬಾಲ ಇರುತ್ತದೆ. "ಅಜ್ಜಿ, ಸಾಕು ಲಾ." "ಅಜ್ಜಿ, ಬೇಡ ಲಾ." ನಾನು ಎಷ್ಟು ಸಲ ಕತ್ತರಿಸಿದರೂ ಮತ್ತೆ ಬೆಳೆಯುತ್ತದೆ, ಬಿಟ್ಟಿದ್ದೇನೆ.

ಕಳೆದ ವರ್ಷ ಈ ಹುಡುಗಿಗೆ ಬ್ರಷ್‌ನಲ್ಲಿ ಚೀನೀ ಅಕ್ಷರ ಬರೆಯುವ ಹುಚ್ಚು ಹಿಡಿಯಿತು. ಶಾಲೆಯಲ್ಲಿ ಒಂದು ದಿನ ಎಲ್ಲ ಮಕ್ಕಳ ಕೈಗೂ ಬ್ರಷ್ ಕೊಟ್ಟು ಬರೆಸಿದರಂತೆ. ಮನೆಗೆ ಬಂದವಳು ಬೆರಳಿನ ಮಸಿ ತೊಳೆಯಲು ಬಿಡಲಿಲ್ಲ.

"ಸ್ವಿಮ್ಮಿಂಗ್ ಬುಕ್ ಮಾಡಿದ್ದೀನಿ, ಅದನ್ನ ಬಿಟ್ಟು ಇದು ಯಾಕೆ ನಿಂಗೆ?" ಅಂತ ಮಗಳು ಕೇಳಿದಳು. "ಮಾತಾಡೋಕೆ ಬರಲ್ಲ, ಓದೋಕೆ ಬರಲ್ಲ. ಬರೆದು ಏನ್ ಮಾಡ್ತೀಯ?"

"ಬರೆದ್ರೆ ಚೆನ್ನಾಗಿರುತ್ತೆ," ಅಂದಿತು ಮಗು. ಅಷ್ಟೇ ಕಾರಣ. ನನಗೆ ಆ ಉತ್ತರ ಹಿಡಿಸಿತು. ಸ್ವಿಮ್ಮಿಂಗ್ ಹೋಯಿತು, ಇದು ಬಂತು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಮನೆಯ ಹತ್ತಿರದ ಸಿಸಿಯಲ್ಲಿ. ಸಿಸಿ ಅಂದರೆ ನಮ್ಮ ಊರಿನ ಸಮುದಾಯ ಭವನದ ಹಾಗೆ, ಆದರೆ ಎಸಿ ಉಂಟು. ಕರೆದುಕೊಂಡು ಹೋಗುವ ಕೆಲಸ ನನ್ನದು. ಮಕ್ಕಳು ಮುಗಿಸುವವರೆಗೆ ನಾವು ಅಜ್ಜಿಯರು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆವು.

ಟೀಚರನ್ನು ಮಕ್ಕಳು ಲಾವೋಶಿ ಅಂತ ಕರೆಯುತ್ತಾರೆ, ಚೀನೀ ಮಾತಿನಲ್ಲಿ ಟೀಚರ್ ಅಂದರೆ ಅದೇ. ನನ್ನ ಪ್ರಾಯದ ಹೆಂಗಸು, ತೆಳ್ಳಗೆ, ಕತ್ತರಿಸಿದ ಬಿಳಿ ಕೂದಲು, ಕೈಯಲ್ಲಿ ಒಂದು ಮರದ ಸ್ಕೇಲು. ಆ ಸ್ಕೇಲಿನಲ್ಲಿ ಹೊಡೆಯುವುದಿಲ್ಲ, ಮಕ್ಕಳ ಬೆನ್ನಿಗೆ ಉದ್ದಕ್ಕೆ ಹಿಡಿದು ನೋಡುತ್ತಾರೆ. ಮೊದಲ ಕ್ಲಾಸಿನಲ್ಲಿ ಬ್ರಷ್ ಮುಟ್ಟಿಸಲೇ ಇಲ್ಲ. ಒಂದು ಗಂಟೆ ಕೂರುವುದನ್ನೇ ಕಲಿಸಿದರು. ಎರಡು ಪಾದವೂ ನೆಲಕ್ಕೆ ಪೂರ್ತಿ ತಾಗಬೇಕು. ಬೆನ್ನು ಕುರ್ಚಿಗೆ ಒರಗಬಾರದು. ಎದೆಗೂ ಟೇಬಲ್ಲಿಗೂ ನಡುವೆ ಒಂದು ಮುಷ್ಟಿ ಜಾಗ. ಭುಜ ಎರಡೂ ಸಮ, ತೋಳು ಮೈಗೆ ಅಂಟಬಾರದು. ತಲೆ ಬಗ್ಗಿಸಬಹುದು, ಕುತ್ತಿಗೆ ಜೋತು ಬೀಳಬಾರದು.

ನನಗೆ ಅವರ ಮಾತು ಒಂದಕ್ಷರ ಅರ್ಥವಾಗಲಿಲ್ಲ, ಅವರು ಹೇಳಿದ್ದು ಪೂರ್ತಿ ಅರ್ಥವಾಯಿತು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು. ಮದುವೆಗೆ ಮುಂಚೆಯೂ ಕಟ್ಟಿದೆ, ಮದುವೆಯಾದ ಮೇಲೂ ಕಟ್ಟಿದೆ, ಮಗಳನ್ನು ಓದಿಸಿದ್ದೂ ಅದರಲ್ಲೇ. ಮಡಿಲಲ್ಲಿ ಮೊರದಂಥ ಗೆರಸೆ, ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಬೆಳಿಗ್ಗೆ ಕೂತರೆ ಮಧ್ಯಾಹ್ನ ಏಳುವುದು. ಬಗ್ಗಿ ಕೂತವರು ಮೂವತ್ತು ವರ್ಷಕ್ಕೇ ಸೊಂಟ ಹಿಡಿದುಕೊಂಡು ನಡೆಯುವುದನ್ನು ನೋಡಿದ್ದೇನೆ. ನನಗೆ ಕಲಿಸಿದ ಚಿಕ್ಕಮ್ಮ ಎಲೆ ಕೈಗೆ ಕೊಡುವ ಮುಂಚೆ ನನ್ನ ಬೆನ್ನಿಗೆ ಮೊಣಕಾಲು ಕೊಟ್ಟು ನೆಟ್ಟಗೆ ಮಾಡಿದ್ದರು. ಇವತ್ತಿಗೂ ನನ್ನ ಬೆನ್ನು ನೆಟ್ಟಗಿದೆ. ಎಂಆರ್‌ಟಿ ರೈಲಿನಲ್ಲಿ ಯಾರಾದರೂ ಎದ್ದು ಸೀಟು ಕೊಟ್ಟರೆ ನನಗೆ ಸಿಟ್ಟು ಬರುತ್ತದೆ.

ಅಂಥ ನನ್ನ ಮೊಮ್ಮಗಳು ಬ್ರಷ್ ಹಿಡಿದ ಕೂಡಲೇ ಎಡಗಡೆಗೆ ವಾಲುತ್ತಿದ್ದಳು. ಸುಮ್ಮನೆ ಕೂತರೆ ಸರಿ ಇರುತ್ತಿದ್ದಳು. ಬೆನ್ನಿಗೆ ಸ್ಕೇಲು ಹಿಡಿದರೂ ಸರಿ. ಬ್ರಷ್ಷನ್ನು ಮಸಿಗೆ ಅದ್ದಿದಳೋ, ಎಡಭುಜ ಕೆಳಗೆ ಇಳಿಯಿತು, ಬೆನ್ನು ತಿರುಚಿತು, ಮೂಗು ಕಾಗದಕ್ಕೆ ಹೋಯಿತು. ಲಾವೋಶಿ ಭುಜ ಎತ್ತಿ ಸರಿ ಮಾಡಿ ಮುಂದಿನ ಟೇಬಲ್ಲಿಗೆ ಹೋಗುವುದರೊಳಗೆ ಇವಳು ಮತ್ತೆ ಸಿಗಡಿಯ ಹಾಗೆ ಸುರುಟಿರುತ್ತಿದ್ದಳು. ಎಂಟು ತಿಂಗಳು ಇದೇ ಕತೆ.

ಚೀನೀ ಹೊಸ ವರ್ಷಕ್ಕೆ ಮುಂಚೆ ಈ ಕ್ಲಾಸಿನ ಮಕ್ಕಳು ಒಂದು ಬ್ಲಾಕಿನ ಕೆಳಗಿನ ಖಾಲಿ ಜಾಗದಲ್ಲಿ, ವಾಯ್ಡ್ ಡೆಕ್‌ನಲ್ಲಿ, ಟೇಬಲ್ ಹಾಕಿಕೊಂಡು ಬಂದವರಿಗೆಲ್ಲ ಕೆಂಪು ಕಾಗದದ ಮೇಲೆ ಒಳ್ಳೆಯ ಮಾತು ಬರೆದು ಕೊಡುತ್ತಾರೆ. ಜನ ಅದನ್ನು ಒಯ್ದು ಬಾಗಿಲಿಗೆ ಅಂಟಿಸುತ್ತಾರೆ. ಎಂಟು ಟೇಬಲ್, ಎಂಟು ಮಕ್ಕಳು. ಮೊಮ್ಮಗಳು ಸೇರಿದಾಗಿನಿಂದ ಇದೊಂದನ್ನೇ ಕಾಯುತ್ತಿದ್ದಳು. ಅದಕ್ಕೆ ನಾಲ್ಕು ವಾರ ಇರುವಾಗ ಲಾವೋಶಿ ನನ್ನನ್ನು ಬೆಂಚಿನಿಂದ ಕರೆದರು. ಮೊಮ್ಮಗಳೇ ನಡುವೆ ನಿಂತು ಹೇಳಬೇಕಾಯಿತು. ಟೀಚರಿಗೆ ಬರುವ ಸ್ವಲ್ಪ ಇಂಗ್ಲಿಷು ನನಗೆ ಬರುವುದಿಲ್ಲ.

"ಅಜ್ಜಿ, ಲಾವೋಶಿ ಏನ್ ಹೇಳ್ತಿದ್ದಾರೆ ಅಂದ್ರೆ..." ಮಗು ನೆಲ ನೋಡಿತು. "ನನ್ನ ಅಕ್ಷರ ಓಕೆ ಅಂತೆ. ಆದ್ರೆ ನಾನು ಕೂತ್ಕೊಳ್ಳೋದು ಸರಿ ಇಲ್ಲ ಅಂತೆ. ಜನ ನೋಡೋದು ಅಕ್ಷರಾನ ಅಲ್ಲ, ಬರೆಯೋರನ್ನ ಅಂತೆ. ಮೂರು ವಾರದಲ್ಲಿ ಸರಿ ಆಗದಿದ್ರೆ ಎಂಟು ಜನದಲ್ಲಿ ನಾನಿಲ್ಲ."

ಮನೆಗೆ ಬಂದು ಬಾತ್‌ರೂಮಿನಲ್ಲಿ ನಲ್ಲಿ ತೆರೆದಿಟ್ಟು ಅತ್ತಳು. ನೀರಿನ ಶಬ್ದದಲ್ಲಿ ಕೇಳುವುದಿಲ್ಲ ಅಂತ ಅವಳ ಲೆಕ್ಕ.

ನಾನು ಮೊದಲು ಬೈದದ್ದು ಅಳಿಯನನ್ನು. ಅವನು ಸೋಫಾದಲ್ಲಿ ಮಲಗಿ ಹೊಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವವನು.

"ಅಪ್ಪ ಹೀಗೆ ಬಿದ್ದುಕೊಂಡಿದ್ದರೆ ಮಗಳು ಹೇಗೆ ಕೂರ್ತಾಳೆ?" ಅಂದೆ.

"ಅತ್ತೆ, ನಾನು ಬಲಗಡೆಗೆ ವಾಲ್ತೀನಿ, ಅವಳು ಎಡಗಡೆಗೆ ವಾಲ್ತಾಳೆ. ನನ್ನಿಂದ ಕಲಿತದ್ದಲ್ಲ ಅದು," ಅಂದ. ಲಾಯರಾಗಬೇಕಿತ್ತು ಅವನು.

ಆಮೇಲೆ ಫೋನನ್ನು ಬೈದೆ. ಆಮೇಲೆ ಶಾಲೆಯ ಬ್ಯಾಗನ್ನು. ಆಮೇಲೆ ಟೀಚರನ್ನೂ ಬೈದೆ, ಅವರಿಗೆ ಕೇಳದ ಹಾಗೆ. ಮಗಳು, "ಬೆನ್ನಿನ ಡಾಕ್ಟರ್ ಹತ್ರ ಒಂದು ಅಪಾಯಿಂಟ್‌ಮೆಂಟ್ ತಗೊಳ್ಳೋಣ್ವಾ ಅಮ್ಮ?" ಅಂದಳು. ನಾನಿರುವಾಗ ಡಾಕ್ಟರ್ ಯಾಕೆ ಅಂತ ನಾನೇ ಶುರು ಮಾಡಿದೆ. ಸಂಜೆ ಶಾಲೆಯಿಂದ ಬಂದ ಕೂಡಲೇ ಅವಳನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂರಿಸಿದೆ, ಮಡಿಲಲ್ಲಿ ಗೆರಸೆಯ ಬದಲು ದೊಡ್ಡ ಟ್ರೇ ಇಟ್ಟೆ, ಬೀಡಿಗೆ ಕೂರಿಸಿದ ಹಾಗೆಯೇ. ಅರ್ಧ ಗಂಟೆ ದೀಪದ ಕಂಬದ ಹಾಗೆ ಕೂತಳು. ಏಳಿಸಿ ಕುರ್ಚಿಗೆ ಕೂರಿಸಿ ಬ್ರಷ್ ಕೊಟ್ಟೆ. ಸಿಗಡಿ.

ಸೊಂಟಕ್ಕೆ ಮೈ ಒರೆಸುವ ಬೈರಾಸು ಬಿಗಿದು ಕಟ್ಟಿದೆ. ಬೈರಾಸು ಸಮೇತ ವಾಲಿದಳು. ತಲೆಯ ಮೇಲೆ ಸ್ಟೀಲಿನ ಲೋಟದಲ್ಲಿ ನೀರಿಟ್ಟೆ. ಅದು ಬಿದ್ದು ಹದಿನಾಲ್ಕು ಕಾಗದ ಒದ್ದೆಯಾಯಿತು. ಹೀಗೆ ಒಂದು ವಾರ ಹೋಯಿತು. ನನ್ನ ಜನ್ಮದಲ್ಲಿ ಒಂದು ಬೆನ್ನು ನನ್ನ ಮಾತು ಕೇಳದಿದ್ದದ್ದು ಅದೇ ಮೊದಲು.

ಮುಂದಿನ ಭಾನುವಾರ ಕ್ಲಾಸು ಮುಗಿಸಿ ಬಂದು ಊಟಕ್ಕೆ ಬಡಿಸಿದೆ. ಅನ್ನ, ಬಸಳೆ ಸಾರು. ಮೊಮ್ಮಗಳು ಟೇಬಲ್ಲಿಗೆ ಕೂತು ತಿನ್ನುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ, ಅವಳ ಬೆನ್ನು ನನ್ನ ಕಡೆಗಿತ್ತು.

ಎಡಭುಜ ಕೆಳಗೆ. ಬೆನ್ನು ತಿರುಚಿದೆ. ಮೂಗು ಬಟ್ಟಲಿನ ಹತ್ತಿರ. ಬರೆಯುವಾಗಿನದೇ ಆಕಾರ, ಅಚ್ಚು ಹಾಕಿದ ಹಾಗೆ.

ಸೌಟು ಕೆಳಗಿಟ್ಟು ಮುಂದೆ ಹೋಗಿ ನೋಡಿದೆ. ಎಡಗೈ ತೊಡೆಯ ಮೇಲೆ, ಅಂಗೈ ಮುಚ್ಚಿ, ಬುದ್ಧಿವಂತನ ಹಾಗೆ ಕೂತಿತ್ತು. ಅದನ್ನು ಅಲ್ಲಿ ಕೂರಿಸಿದವಳು ನಾನು. ಅವಳಿಗೆ ಎರಡು ವರ್ಷವಿದ್ದಾಗ, ಎರಡು ಕೈಯನ್ನೂ ಅನ್ನಕ್ಕೆ ಹಾಕುತ್ತಿತ್ತು ಮಗು. ಊಟಕ್ಕೆ ಬಲಗೈ, ಎಡಗೈ ಎಂಜಲಾಗಬಾರದು. ಪ್ರತಿ ಊಟಕ್ಕೂ, ಮೂರು ಹೊತ್ತೂ, ನಾನು ಕೇಳುತ್ತಿದ್ದೆ, "ಎಡಗೈ ಎಲ್ಲಿ?" ಅದು ಹೇಳಬೇಕು, "ತೊಡೆ ಮೇಲೆ." ಮೇಲೆ ಬಂದರೆ ಬೆರಳ ತುದಿಯಲ್ಲಿ ಒಂದು ಪೆಟ್ಟು. ಶಾಲೆಗೆ ಹೋಗುವ ಹೊತ್ತಿಗೆ ಕೇಳುವುದೇ ಬೇಡವಾಯಿತು. ಬಲಗೈ ಬಟ್ಟಲಿಗೆ ಹೋದರೆ ಎಡಗೈ ತಾನಾಗಿ ಕೆಳಗೆ ಇಳಿಯುತ್ತಿತ್ತು. ನೆಂಟರ ಮುಂದೆ ಎಷ್ಟು ಕೊಚ್ಚಿಕೊಂಡಿದ್ದೇನೆ ಇದನ್ನು.

ಈಗ ಎದುರಿಗೆ ಬಟ್ಟಲಿನಂಥ ಮಸಿ ತಟ್ಟೆ. ಬೆರಳು ಕೂಡಿಸಿ ಬಲಗೈಯಲ್ಲಿ ಹಿಡಿಯುವ ಬ್ರಷ್. ಅದ್ದುವುದು, ಎತ್ತುವುದು, ಅದ್ದುವುದು, ಎತ್ತುವುದು. ಮೈ ಪಾಪ ಊಟ ಅಂತ ತಿಳಿದುಕೊಂಡಿತ್ತು.

"ಶಾಲೆಯಲ್ಲಿ ಪೆನ್ಸಿಲಲ್ಲಿ ಬರೀವಾಗ ಎಡಗೈ ಎಲ್ಲಿರ್ತದೆ?" ಅಂತ ಕೇಳಿದೆ.

"ಬುಕ್ ಮೇಲೆ. ಇಲ್ಲಾಂದ್ರೆ ಬುಕ್ ಜಾರುತ್ತಲ್ವಾ?"

"ಬ್ರಷ್‌ನಲ್ಲಿ ಬರೀವಾಗ?"

ಅವಳಿಗೆ ಗೊತ್ತೇ ಇರಲಿಲ್ಲ. ಯೋಚನೆ ಮಾಡಿದಳು. "ಆ ಐರನ್ ಪೀಸ್ ಇದೆಯಲ್ಲ ಅಜ್ಜಿ, ಅದು ಪೇಪರ್ ಹಿಡ್ಕೊಳ್ಳುತ್ತೆ. ಕೈ ಬೇಕಾಗಲ್ಲ."

ಕಾಗದದ ಮೇಲೆ ಇಡುವ ಒಂದು ಭಾರದ ಕಬ್ಬಿಣದ ಪಟ್ಟಿ ಅದು. ಅದು ಇದ್ದ ಕಾರಣ ಎಡಗೈಗೆ ಕೆಲಸವಿಲ್ಲ. ಕೆಲಸವಿಲ್ಲದ ಎಡಗೈ ನಾನು ಹೇಳಿಕೊಟ್ಟ ಜಾಗಕ್ಕೆ ಹೋಗುತ್ತಿತ್ತು. ಬೀಡಿ ಕಟ್ಟುವವಳಿಗೆ ಇದು ತಿಳಿಯಬೇಕಿತ್ತು. ಬಲಗೈ ಸುತ್ತುತ್ತದೆ, ಆದರೆ ಎಡಗೈ ಹಿಡಿಯದಿದ್ದರೆ ಎಲೆ ಬಿಚ್ಚಿಕೊಳ್ಳುತ್ತದೆ. ಎರಡು ಕೈಗೂ ಸಮನಾಗಿ ದುಡಿಮೆ ಇದ್ದರೇ ಭುಜ ಸಮನಾಗಿರುವುದು.

ಆವತ್ತು ಸಂಜೆ ಅವಳನ್ನು ಬರೆಯಲು ಕೂರಿಸಿದೆ. "ಎಡಗೈ ಟೇಬಲ್ ಮೇಲೆ!" ಅಂದೆ. ಇಟ್ಟಳು. ಎರಡು ಗೆರೆ ಎಳೆಯುವಷ್ಟರಲ್ಲಿ ಅದು ಕಳ್ಳನ ಹಾಗೆ ಕೆಳಗೆ ಇಳಿಯಿತು. ಮತ್ತೆ ಹೇಳಿದೆ. ಮತ್ತೆ ಇಳಿಯಿತು. ಎಂಟು ವರ್ಷ ನಾನೇ ಪಾಠ ಮಾಡಿದ್ದೇನೆ, ಒಂದು ಸಂಜೆಗೆ ಹೋಗುತ್ತದೆಯೇ?

"ಅಜ್ಜಿ, ನೀನು ಕೂಗಿದ್ರೆ ನಂಗೆ ಗೆರೆ ಅಲ್ಲಾಡುತ್ತೆ ಲಾ."

ಅದೂ ಸರಿಯೇ. ಹೇಳಿ ಉಪಯೋಗವಿಲ್ಲ, ಕೆಲಸ ಕೊಡಬೇಕು. ಆ ಕಬ್ಬಿಣದ ಪಟ್ಟಿಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಟೇಬಲ್ ಫ್ಯಾನನ್ನು ತಂದು ಅವಳ ಮುಂದಿಟ್ಟು ಪೂರ್ತಿ ಜೋರು ಮಾಡಿದೆ.

ಕಾಗದ ಹಾರಿ ಟಿವಿಗೆ ಅಂಟಿತು.

"ಅಜ್ಜಿ!"

"ಹಿಡ್ಕೋ. ನಿನಗೆ ಕೈ ಒಂದೇನಾ ಇರೋದು?"

ಇನ್ನೊಂದು ಕಾಗದ ತಂದಳು. ಎಡಗೈ ಬಿಟ್ಟಳು, ಹಾರಿತು. ಮೂರನೆಯದೂ ಹಾರಿತು. ಅಡುಗೆಮನೆಯಿಂದ ಮಗಳು ಬಂದು ನೋಡಿ, "ಏನಮ್ಮ ಇದು, ಮನೆ ತುಂಬಾ ಮಸಿ!" ಅಂತ ಕಿರುಚಿದಳು. ಅಳಿಯ ಸೋಫಾದಿಂದ ಎದ್ದು ಬಂದು ಗೋಡೆಗೆ ಅಂಟಿದ ಕಾಗದ ಬಿಡಿಸುತ್ತಾ, "ಅತ್ತೆ ಬಿರುಗಾಳಿ ಸರ್ವಿಸ್ ಶುರು ಮಾಡಿದ್ದಾರೆ," ಅಂದ. ನನ್ನ ಕಣ್ಣು ಮಗುವಿನ ಭುಜದ ಮೇಲಿತ್ತು. ನಾಲ್ಕನೇ ಕಾಗದಕ್ಕೆ ಐದು ಬೆರಳೂ ಅಗಲಿಸಿ ಒತ್ತಿ ಹಿಡಿದಳು. ಎಡಭುಜ ಮೇಲೆ ಬಂತು. ಭುಜದ ಹಿಂದೆ ಬೆನ್ನು ಬಂತು, ಬೆನ್ನಿನ ಹಿಂದೆ ತಲೆ. ಯಾರೂ ಮುಟ್ಟದೆ, ಹೇಳದೆ. ನಾನು ಹೋಗಿ ಎದೆಗೂ ಟೇಬಲ್ಲಿಗೂ ನಡುವೆ ಮುಷ್ಟಿ ಇಟ್ಟು ನೋಡಿದೆ. ಸಲೀಸಾಗಿ ಹಿಡಿಯಿತು.

ಎರಡು ವಾರ ದಿನಾ ಸಂಜೆ ಫ್ಯಾನ್ ಹಾಕಿ ಬರೆಸಿದೆ. ಮೊದಲು ಜೋರು, ಆಮೇಲೆ ಮಧ್ಯಮ, ಕೊನೆಯ ಎರಡು ದಿನ ಫ್ಯಾನೇ ಇಲ್ಲ. ಕೈ ಇಳಿಯಲಿಲ್ಲ.

ಕೊನೆಯ ಭಾನುವಾರ ಲಾವೋಶಿ ಎಂಟು ಜನರನ್ನು ಆರಿಸುವ ದಿನ. ಒಬ್ಬೊಬ್ಬರ ಹಿಂದೆ ಬಂದು ನಿಲ್ಲುತ್ತಿದ್ದರು. ನನ್ನ ಮೊಮ್ಮಗಳ ಹಿಂದೆ ತುಂಬ ಹೊತ್ತು ನಿಂತರು. ಸ್ಕೇಲು ಹಿಡಿದರು. ಮುಷ್ಟಿ ಇಟ್ಟರು. ಬಗ್ಗಿ ಪಾದ ನೋಡಿದರು. ಆಮೇಲೆ ಆ ಎಡಗೈ ನೋಡಿದರು. ತಿರುಗಿ ನನ್ನನ್ನು ನೋಡಿ ಬಾ ಅಂತ ಕೈ ಮಾಡಿದರು.

"ನೀನು ಏನ್ ಮಾಡಿದೆ ಅಂತ ಕೇಳ್ತಿದ್ದಾರೆ ಅಜ್ಜಿ."

"ಫ್ಯಾನ್ ಹಾಕಿದೆ ಅಂತ ಹೇಳು. ಊಟದ ವಿಷಯ ಎಲ್ಲ ಹೇಳ್ಬೇಡ."

ಅವಳು ಮೊದಲು ಊಟದ ವಿಷಯವನ್ನೇ ಹೇಳಿದಳು. ಕೈ ತೊಡೆಯ ಮೇಲಿಟ್ಟು ತೋರಿಸಿದಳು, ನಾನು ಬೆರಳಿಗೆ ಹೊಡೆಯುವುದನ್ನೂ ತೋರಿಸಿದಳು. ನನ್ನ ಮಾನ ಹೋಯಿತು ಅಂದುಕೊಂಡೆ. ಲಾವೋಶಿ ಬಾಯಿ ಮುಚ್ಚಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಎಡಗೈಯಲ್ಲಿ ಇಲ್ಲದ ಬಟ್ಟಲೊಂದನ್ನು ಗಲ್ಲದವರೆಗೆ ಎತ್ತಿ ಹಿಡಿದು, ಬಲಗೈಯಲ್ಲಿ ಕಡ್ಡಿಯಿಂದ ತಿನ್ನುವ ಹಾಗೆ ಮಾಡಿದರು. ಎಡಗೈ ಟೇಬಲ್ಲಿನ ಕೆಳಗೆ ಇಳಿಸಿ, ತನ್ನ ಬೆರಳಿಗೆ ತಾನೇ ಫಟ್ ಅಂತ ಹೊಡೆದುಕೊಂಡರು.

"ಅವರ ಅಜ್ಜಿಯೂ ಹೊಡೀತಿದ್ರಂತೆ," ಅಂದಳು ಮೊಮ್ಮಗಳು. "ಎಡಗೈ ಕೆಳಗೆ ಇಟ್ರೆ! ಅವರ ಮನೇಲಿ ಎಡಗೈಯಲ್ಲಿ ಬೌಲ್ ಹಿಡಿಲೇಬೇಕಂತೆ. ಅದಕ್ಕೆ ಎಡಗೈ ಎಲ್ಲಿಡ್ಬೇಕು ಅಂತ ಅವರು ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿಕೊಟ್ಟಿಲ್ಲಂತೆ. ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡಿದ್ರಂತೆ."

ಎರಡು ಮನೆಯ ಅಜ್ಜಿಯರು, ಎರಡು ಪಾಠ, ಎರಡೂ ಮಗುವಿನ ಬೆರಳಿಗೇ. ಆಮೇಲೆ ಲಾವೋಶಿ ಎಂಟು ಜನರ ಪಟ್ಟಿಯಲ್ಲಿ ಮೊಮ್ಮಗಳ ಹೆಸರು ಬರೆದರು. ನಾನು ಅದನ್ನು ಓದಲಾರೆ, ಆದರೆ ಅವಳು ಕುರ್ಚಿಯಿಂದ ಹಾರಿದ್ದು ನೋಡಿ ತಿಳಿಯಿತು.

ಶನಿವಾರ ವಾಯ್ಡ್ ಡೆಕ್‌ನಲ್ಲಿ ಜನವೋ ಜನ. ಮಗಳು ಅಳಿಯ ರಜೆ ದಿನ ಅಂತ ಇಬ್ಬರೂ ಬಂದಿದ್ದರು. ಮೊಮ್ಮಗಳಿಗೆ ಐದನೇ ಟೇಬಲ್. ಮೊದಲು ಬಂದ ಚೀನೀ ಹೆಂಗಸು ಅವಳ ಮುಖ ನೋಡಿ, ಪಕ್ಕದ ಟೇಬಲ್ ನೋಡಿ, ಮತ್ತೆ ಅವಳ ಮುಖ ನೋಡಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು, ನಿನಗೆ ಬರೆಯಲು ಬರುತ್ತದಾ ಅಂತ ಇರಬೇಕು.

"ಕ್ಯಾನ್ ಲಾ, ಆಂಟಿ," ಅಂದಳು ಮೊಮ್ಮಗಳು, ಎಡಗೈಯಿಂದ ಕಾಗದ ಸವರಿ ಒತ್ತಿ ಹಿಡಿದು. ಆ ಒಂದು ಬಾಲಕ್ಕೆ ನಾನು ಬೈಯಲಿಲ್ಲ.

ಎರಡು ಗಂಟೆ ಬರೆದಳು. ನಾನು ಕಂಬದ ಪಕ್ಕ ನಿಂತು ಎರಡು ಗಂಟೆಯೂ ಬೆನ್ನನ್ನೇ ನೋಡಿದೆ. ಎರಡು ಕಾಗದ ಹಾಳು ಮಾಡಿದಳು, ಒಂದು ಕಡೆ ಮಸಿ ತೊಟ್ಟಿಕ್ಕಿತು. ಒಬ್ಬ ಅಂಕಲ್ ಅಕ್ಷರದ ಒಂದು ಗೆರೆ ಗಿಡ್ಡವಾಯಿತು ಅಂತ ವಾಪಸ್ ತಂದು ಇನ್ನೊಂದು ಬರೆಸಿಕೊಂಡು ಹೋದ. ಅದೆಲ್ಲ ಲಾವೋಶಿ ನೋಡಿಕೊಳ್ಳಲಿ, ಅಕ್ಷರ ನನ್ನ ಇಲಾಖೆಯಲ್ಲ. ಬೆನ್ನು ಒಂದು ಬೆರಳಗಲವೂ ಬಗ್ಗಲಿಲ್ಲ. ಭುಜದ ಮೇಲೆ ನೀರಿನ ಲೋಟ ಇಟ್ಟರೂ ತುಳುಕುತ್ತಿರಲಿಲ್ಲ. ಆ ಎಂಟು ಮಕ್ಕಳಲ್ಲಿ ಅಷ್ಟು ಚೆಂದ ಕೂತವರು ಇನ್ನೊಬ್ಬರಿರಲಿಲ್ಲ. ನನ್ನ ಮೊಮ್ಮಗಳು ಅಂತ ಹೇಳುತ್ತಿಲ್ಲ, ನೋಡಿದ್ದನ್ನು ಹೇಳುತ್ತಿದ್ದೇನೆ.

"ಅಮ್ಮ, ಸ್ವಲ್ಪ ಕೂತ್ಕೋ, ಕಾಲು ನೋಯಲ್ವಾ?" ಅಂತ ಮಗಳು ಕುರ್ಚಿ ತಂದಳು. ಬೇಡ ಅಂದೆ. ಅಳಿಯ ವಿಡಿಯೋ ತೆಗೆಯುತ್ತಿದ್ದ, ಅವನೂ ನೆಟ್ಟಗೆ ನಿಂತಿದ್ದ.

ಆ ಎಂಟರ ಆಚೆ, ಕೊನೆಯಲ್ಲಿ, ಒಂದು ಟೇಬಲ್ ಚಿಕ್ಕ ಮಕ್ಕಳದು. ಐದು ಆರು ವರ್ಷದವು, ನಮ್ಮ ಭಾನುವಾರದ ಕ್ಲಾಸಿಗೆ ಹೊಸದಾಗಿ ಸೇರಿದವು, ಬರೀ ಗೆರೆ ಎಳೆಯುತ್ತಿದ್ದವು. ಕುರ್ಚಿ ಎತ್ತರ, ಮಕ್ಕಳು ಗಿಡ್ಡ. ಆರು ಜೊತೆ ಕಾಲು ಗಾಳಿಯಲ್ಲಿ ನೇತಾಡುತ್ತಿತ್ತು. ಕಾಲಿಗೆ ನೆಲ ಸಿಗದವರು ಟೇಬಲ್ಲಿಗೆ ಎದೆ ಕೊಟ್ಟು ಜೋತು ಬೀಳದೆ ಏನು ಮಾಡುತ್ತಾರೆ? ಆರಕ್ಕೆ ಆರೂ ಸಿಗಡಿಗಳು. ಲಾವೋಶಿ ಒಂದರ ಬೆನ್ನು ಎತ್ತುತ್ತಿದ್ದರು, ಅಷ್ಟರಲ್ಲಿ ಇನ್ನೊಂದು ಬೀಳುತ್ತಿತ್ತು. ನಾನು ಹೇಳಲು ಹೊರಟೆ. ಮಗಳು ಸೆರಗು ಹಿಡಿದು ನಿಲ್ಲಿಸಿದಳು. "ಅಮ್ಮ, ಇವತ್ತು ಬೇಡ. ಅವರ ಕ್ಲಾಸು ಅದು."

ಇವತ್ತು ಬೇಡ ಅಂದಳು, ಆಯಿತು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ನಾನು ಮಾರ್ಕೆಟ್ಟಿನ ಹಣ್ಣಿನ ಅಂಗಡಿಯ ಹಿಂದೆ ಹೋಗಿ ಕಿತ್ತಳೆಯ ಖಾಲಿ ಪೆಟ್ಟಿಗೆ ಆರು ಆರಿಸಿ ತಂದೆ, ಎಲ್ಲವೂ ಒಂದೇ ಎತ್ತರದವು. ಹಳೆಯ ಪೇಪರನ್ನು ಮಡಚಿ ಮಡಚಿ ಒಳಗೆ ಗಟ್ಟಿಯಾಗಿ ತುಂಬಿ, ಟೇಪು ಸುತ್ತಿ, ಮೇಲೆ ನಿಂತು ನೋಡಿದೆ. ನನ್ನ ಭಾರಕ್ಕೆ ಕುಸಿಯಲಿಲ್ಲ. ಅಳಿಯನನ್ನು ಎಬ್ಬಿಸಿ ಮೂರನ್ನು ಅವನ ಕೈಗೆ ಕೊಟ್ಟೆ, ಮೂರನ್ನು ನಾನು ಹಿಡಿದೆ, ಮೊಮ್ಮಗಳು ಬ್ರಷ್ಷಿನ ಚೀಲ ಹಿಡಿದು ಮುಂದೆ ನಡೆದಳು. ಕ್ಲಾಸಿಗೆ ಇನ್ನೂ ಅರ್ಧ ಗಂಟೆ ಇರುವಾಗ ಸಿಸಿಯಲ್ಲಿ ಚಿಕ್ಕವರ ಆರು ಕುರ್ಚಿಗಳ ಮುಂದೆ ಆರು ಪೆಟ್ಟಿಗೆ ಜೋಡಿಸಿ, ಮೊದಲು ಬಂದ ಪುಟ್ಟ ಹುಡುಗಿಯನ್ನು ಎತ್ತಿ ಕೂರಿಸಿ, ಅದರ ಎರಡು ಪಾದವನ್ನೂ ಹಿಡಿದು ಪೆಟ್ಟಿಗೆಯ ಮೇಲೆ ಒತ್ತಿಟ್ಟೆ.